ಕುಮಟೆಯ ಹಡಗು ನಿಂತ ಮೇಲೆ ಬೈಲಹೊಂಗಲದ ಹತ್ತಿ

ಹತ್ತಿ ಬೆಳೆಯಲು ಎರೆ ಹೊಲ ಬೇಕು. ಉತ್ತರ ಕನ್ನಡದ ಕುಮಟೆಯಲ್ಲಿ ಎರೆ ಹೊಲವಿಲ್ಲ. ಅಲ್ಲಿರುವುದು ತೆಂಗು, ಗದ್ದೆ ಮತ್ತು ಕಡಲು. ಆದರೂ 19ನೇ ಶತಮಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪೇಟೆಯ ವ್ಯಾಪಾರಿಗೆ 'ಕುಮಟಾ' ಎಂದರೆ ಊರಲ್ಲ, ಒಂದು ಜಾತಿಯ ಹತ್ತಿ. ಆ ಹತ್ತಿ ಬೆಳೆಯುತ್ತಿದ್ದುದು ಘಟ್ಟದ ಮೇಲೆ, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಧಾರವಾಡ, ನವಲಗುಂದದ ಕಡೆಯ ಕಪ್ಪು ನೆಲದಲ್ಲಿ. ಹಡಗು ಏರಿದ ಬಂದರಿನ ಹೆಸರೇ ಮಾಲಿಗೂ ಅಂಟಿಕೊಂಡಿತು.

ಇಂದು ಕುಮಟೆಯಿಂದ ಮುಂಬಯಿಗೆ ಹತ್ತಿ ಹೊತ್ತ ಹಡಗು ಹೋಗುವುದಿಲ್ಲ. ಆ ಹಡಗುಗಳು ನಿಂತಾಗ ಘಟ್ಟದ ಮೇಲಿನ ಊರುಗಳು ಯಾವ ದಾರಿ ಹಿಡಿದವು ಎಂಬುದು ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಹೆಚ್ಚು ಜಾಗ ಪಡೆದ ವಿಷಯವಲ್ಲ. ಕಿತ್ತೂರು, ಬೈಲಹೊಂಗಲ ಎಂದೊಡನೆ ನೆನಪಾಗುವುದು 1824ರ ಕಾಳಗ, ರಾಣಿ ಚೆನ್ನಮ್ಮನ ಸಮಾಧಿ, ಸಂಗೊಳ್ಳಿ ರಾಯಣ್ಣ. ಅದು ಸಹಜವೇ. ಆದರೆ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ನಂತರವೂ ಈ ನಾಡಿನ ಜನ ಬಿತ್ತಿದರು, ಬೆಳೆದರು, ಮಾರಿದರು. ಆ ಬದುಕಿಗೂ ಒಂದು ಚರಿತ್ರೆಯುಂಟು.

ಆಗ ಬೈಲಹೊಂಗಲ, ಕಿತ್ತೂರುಗಳೆರಡೂ ಸಂಪಗಾವಿ ತಾಲ್ಲೂಕಿಗೆ ಸೇರಿದ್ದವು. ಸವದತ್ತಿ ಪರಸಗಡ ತಾಲ್ಲೂಕಿನ ಮುಖ್ಯ ಊರು. ರಾಮದುರ್ಗ ಬೇರೆಯೇ ಸಂಸ್ಥಾನ, ಅದು ಭಾರತದಲ್ಲಿ ವಿಲೀನವಾದದ್ದು 1948ರಲ್ಲಿ. ಆಡಳಿತ ಬೇರೆಯಾದರೂ ಮಾಲು ಹೋಗುವ ದಿಕ್ಕು ಒಂದೇ, ಪಶ್ಚಿಮ. ಬೆಳಗಾವಿ ಕಡೆಯ ಸಾಮಾನು ಘಟ್ಟ ಇಳಿದು ವೆಂಗುರ್ಲೆಗೆ ಹೋಗುತ್ತಿತ್ತು. ಬೆಳಗಾವಿಯ ದಂಡಿನ ಸಿಪಾಯಿಗಳೂ ಸಾಹೇಬರೂ ಮುಂಬಯಿಯಿಂದ ಹಡಗಿನಲ್ಲಿ ವೆಂಗುರ್ಲೆಗೆ ಬಂದು, ಅಲ್ಲಿಂದ ಘಟ್ಟ ಹತ್ತುತ್ತಿದ್ದರು. ಹತ್ತಿಗೆ ಮಾತ್ರ ಕುಮಟೆಯೇ ದೊಡ್ಡ ಬಾಗಿಲು.

ಈ ದಾರಿಯ ಕಷ್ಟ ತಿಳಿಯಬೇಕಾದರೆ ಪಂಚಾಂಗ ನೋಡಬೇಕು. ಕುಮಟಾ ಹತ್ತಿಯನ್ನು ಬಿತ್ತುವುದು ಮುಂಗಾರಿನ ಮೊದಲ ಮಳೆಗಲ್ಲ. ಶ್ರಾವಣ, ಭಾದ್ರಪದದ ಹೊತ್ತಿಗೆ. ಬಿಡಿಸುವುದು ಹೋಳಿ ಹುಣ್ಣಿಮೆ, ಯುಗಾದಿಯ ಆಜೂಬಾಜು. ಬಿಡಿಸಿದ ಹತ್ತಿಯಿಂದ ಕಾಳು ಬೇರೆ ಮಾಡಬೇಕು. ಆ ಕೆಲಸ ಹೆಂಗಸರದು: ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಉರುಳೆಯನ್ನು ಪಾದದಿಂದ ಉರುಳಿಸಿ ಅರಳೆ ಒಂದು ಕಡೆ, ಕಾಳು ಒಂದು ಕಡೆ ಮಾಡುತ್ತಿದ್ದರು. ಆ ಮೇಲೆ ಅಂಡಿಗೆ ತುಂಬಿ ಚಕ್ಕಡಿಗೆ ಏರಿಸಬೇಕು. ಚಕ್ಕಡಿ ದಿನಕ್ಕೆ ನಾಲ್ಕೈದು ಹರದಾರಿ ನಡೆದರೆ ಹೆಚ್ಚು. ಬೈಲಹೊಂಗಲದಿಂದ ಧಾರವಾಡ ದಾಟಿ, ಕಾಡು ಹೊಕ್ಕು, ಘಟ್ಟ ಇಳಿದು ಕುಮಟೆ ಮುಟ್ಟಲು ಎಂಟು ಹತ್ತು ದಿನ ಬೇಕೇ ಬೇಕು.

ಕುಮಟೆ ಮುಟ್ಟಿದರೆ ಮುಗಿಯಲಿಲ್ಲ. ಅದು ತೆರೆದ ಕಡಲಿನ ಬಂದರು. ದೊಡ್ಡ ಹಡಗು ದಂಡೆಗೆ ಬರುವಂತಿಲ್ಲ. ಸಣ್ಣ ದೋಣಿಗಳಲ್ಲಿ ಅಂಡಿಗೆ ಒಯ್ದು ಹೇರಬೇಕು. ಹತ್ತಿ ಹೊರುತ್ತಿದ್ದವು ಹಾಯಿ ಕಟ್ಟಿದ ಪತ್ತೇಮಾರಿ, ಮಚವೆ, ಮಂಜಿಗಳು. ಮಿರಗ ಕೂಡಿ ಮುಂಗಾರು ಎದ್ದಿತೆಂದರೆ ಇವು ದಂಡೆ ಹತ್ತಿ ಕೂತವು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ತನಕ ಬಂದರು ಮುಚ್ಚಿದಂತೆಯೇ. ಅಂದರೆ ಇಡೀ ವರ್ಷದ ಹತ್ತಿ ಹೊಲದಿಂದ ಮುಂಬಯಿ ಸೇರಲು ಇದ್ದ ಅವಧಿ ಎರಡು, ಹೆಚ್ಚೆಂದರೆ ಎರಡೂವರೆ ತಿಂಗಳು! ಅದೇ ದಿನಗಳಲ್ಲಿ ಚಕ್ಕಡಿಯ ಎತ್ತು ಮನೆಗೆ ಮರಳಬೇಕು, ಹೊಲ ಹಸನು ಮಾಡಬೇಕು. ತಡವಾದ ಮಾಲು ಕುಮಟೆಯ ಗೋದಾಮಿನಲ್ಲಿ ಮಳೆಗಾಲ ಕಳೆಯುತ್ತಿತ್ತು, ವ್ಯಾಪಾರಿಯ ಹಣವೂ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಬರುವಾಗ ಚಕ್ಕಡಿ ಬರಿದಾಗಿ ಬರುತ್ತಿರಲಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ, ಅಡಿಕೆ, ಮಸಾಲೆ ಸಾಮಾನು ಘಟ್ಟ ಹತ್ತುತ್ತಿದ್ದವು. ಹೋಗುವಾಗ ಹತ್ತಿ, ಬರುವಾಗ ಉಪ್ಪು. ಚಕ್ಕಡಿಗಳಿಗೆ ದಾರಿಯಾಗುವ ಮೊದಲು ಲಂಬಾಣಿಗರು ಹೇರೆತ್ತುಗಳ ಮೇಲೆ ಮಾಡುತ್ತಿದ್ದ ವ್ಯಾಪಾರವೂ ಇದೇ.

ಈ ಸಣ್ಣ ಹಡಗುಗಳ ಮಹತ್ವ ಲೋಕಕ್ಕೆ ಗೊತ್ತಾದದ್ದು ದೂರದ ಒಂದು ಯುದ್ಧದಿಂದ. 1861ರಲ್ಲಿ ಅಮೆರಿಕದಲ್ಲಿ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಮ್ಯಾಂಚೆಸ್ಟರ್ ಗಿರಣಿಗಳ ಒಡೆಯರು ಭಾರತದ ಕಡೆ ತಿರುಗಿದರು. ಮುಂಬಯಿಯಲ್ಲಿ ಹತ್ತಿಯ ಬೆಲೆ ಆಕಾಶಕ್ಕೇರಿತು. ಧಾರವಾಡ, ಬೆಳಗಾವಿ ಸೀಮೆಯ ಹತ್ತಿ ಮೇಲೆ ಕಣ್ಣಿಟ್ಟವರಿಗೆ ಕುಮಟೆಯ ತೆರೆದ ಬಂದರು ಸಾಲದು ಎನಿಸಿ, ಕಾರವಾರದ ಕೊಲ್ಲಿ ರುಚಿಸಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಲಾಯಿತು. ಒಂದು ಜಿಲ್ಲೆಯ ಹಣೆಬರಹ ಬದಲಾದದ್ದರ ಹಿಂದೆ ನಮ್ಮ ಹತ್ತಿಯ ಅಂಡಿಗೆಗಳಿದ್ದವು ಎಂಬುದು ಸೋಜಿಗವಲ್ಲವೇ? 1864ರಲ್ಲಿ ಕಾರವಾರದೆದುರಿನ ಬಂಡೆಯ ಮೇಲೆ ದೀಪಸ್ತಂಭ ಬೆಳಗಿತು.

ಇಷ್ಟಾದರೂ ಕೆಲಸ ಕೈಗೂಡಲಿಲ್ಲ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾರವಾರದ ಪಕ್ಕದ ಸದಾಶಿವಗಡಕ್ಕೆ ಯಂತ್ರಗಳನ್ನೇನೋ ಕಳಿಸಿತು; ಆದರೆ ಅವನ್ನು ಇಳಿಸಲು ಸರಿಯಾದ ಧಕ್ಕೆ ಇರಲಿಲ್ಲ, ಘಟ್ಟ ಹತ್ತುವ ರಸ್ತೆ ಮುಗಿದಿರಲಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿದೊಡನೆ ಬೆಲೆ ಬಿತ್ತು, ಉತ್ಸಾಹವೂ ಇಳಿಯಿತು. ಬೆಲೆ ಏರಿದ ದಿನಗಳಲ್ಲಿ ಕಲಬೆರಕೆಯೂ ಏರಿತ್ತು ಎಂಬುದನ್ನು ಮರೆಯುವಂತಿಲ್ಲ. ಅರಳೆಯಲ್ಲಿ ಕಾಳು ಬೆರೆಸುವುದು, ತೂಕಕ್ಕಾಗಿ ನೀರು ಚಿಮುಕಿಸುವುದು ನಡೆದೇ ಇತ್ತು. ಅದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಕಾಯಿದೆಯನ್ನೇ ತಂದಿತು. ರೈತ, ದಲಾಲಿ, ಗಾಡಿಯವ, ದೋಣಿಯವ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಬಹುದಾದಷ್ಟು ಉದ್ದದ ದಾರಿ ಅದು.

ಹಡಗಿನ ದಾರಿಯ ನಿಜವಾದ ದೌರ್ಬಲ್ಯ ತೋರಿಸಿದ್ದು 1876ರಿಂದ 1878ರ ತನಕದ ಬರ. ಮಳೆ ಕೈಕೊಟ್ಟಿತು, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಜನ ದನ ಸತ್ತವು. ಹೊರಗಿನ ಕಾಳು ಕಡಲ ಮೇಲೆ ಬಂದು ಬಂದರಿನಲ್ಲಿ ಇಳಿಯಬಹುದು. ಅದನ್ನು ಘಟ್ಟದ ಮೇಲೆ ಎಳೆಯುವ ಎತ್ತುಗಳಿಗೇ ಮೇವಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಕಡಲೂ ಮುಚ್ಚಿತು. ಹತ್ತಿ ಎರಡು ತಿಂಗಳು ಕಾದರೆ ವ್ಯಾಪಾರಿಗೆ ಬಡ್ಡಿ ನಷ್ಟ, ಜೋಳ ಎರಡು ತಿಂಗಳು ಕಾದರೆ ಜೀವ ನಷ್ಟ. ಈ ಬರದ ಪಾಠದಿಂದಲೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು.

ರೈಲು ಯಾವ ಬಂದರಿಗೆ ಇಳಿಯಬೇಕು ಎಂಬ ಪ್ರಶ್ನೆಯಲ್ಲಿ ಕಾರವಾರ ಸೋತಿತು. ಕಾರವಾರ-ಹುಬ್ಬಳ್ಳಿ ರೈಲಿನ ಮಾತು ಬಹಳ ನಡೆದಿತ್ತು. ಆದರೆ 1878ರಲ್ಲಿ ಬ್ರಿಟಿಷರು ಪೋರ್ಚುಗೀಜರೊಡನೆ ಒಪ್ಪಂದ ಮಾಡಿಕೊಂಡರು; ಗೋವೆಯ ಮರ್ಮಗೋವಾ ಬಂದರು ಗೆದ್ದಿತು. 1888ರ ಹೊತ್ತಿಗೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳು ರೈಲಿಗೆ ಕೂಡಿದವು. ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಗಾಡಿ ಮರ್ಮಗೋವೆಗೆ ಇಳಿಯತೊಡಗಿತು. 1890ರ ದಶಕ ಶುರುವಾಗುವಷ್ಟರಲ್ಲಿ ಪುಣೆಯ ಕಡೆಯ ದಾರಿಯೂ ತೆರೆಯಿತು.

ಕುಮಟೆಯ ಹತ್ತಿ ವ್ಯಾಪಾರಕ್ಕೆ ಅದು ಕೊನೆ. ಯಾರೂ ಆದೇಶ ಹೊರಡಿಸಿ ನಿಲ್ಲಿಸಲಿಲ್ಲ. ಅಂಡಿಗೆ ಬರುವುದು ಕಡಿಮೆಯಾಯಿತು, ಪತ್ತೇಮಾರಿಗಳು ಬೇರೆ ಮಾಲು ಹುಡುಕಿಕೊಂಡವು. ವೆಂಗುರ್ಲೆಯೂ ಸೊರಗಿತು. ಬೈಲಹೊಂಗಲದ ವ್ಯಾಪಾರಿಗೆ ನಷ್ಟವಾಗಲಿಲ್ಲ, ಲಾಭವೇ ಆಯಿತು: ಹತ್ತು ದಿನದ ದಾರಿ ಧಾರವಾಡದ ಸ್ಟೇಶನ್ನಿನ ಎರಡು ಮೂರು ದಿನದ ದಾರಿಯಾಯಿತು, ಮಳೆಗಾಲದ ಭಯ ಹೋಯಿತು. ಕೊಳ್ಳುವವರೂ ಹತ್ತಿರವಾದರು. 1887ರಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ಕೆಲಸ ಆರಂಭಿಸಿತು. ಹತ್ತಿ ಕಡಲು ಕಾಣದೆಯೇ ನೂಲಾಗಬಹುದಾಯಿತು.

ನಷ್ಟವಾದದ್ದು ಬಾಡಿಗೆ ಚಕ್ಕಡಿಯವರಿಗೆ. ಎರಡು ಮೂರು ದಿನದ ದಾರಿಗೆ ಹತ್ತು ದಿನದ ಬಾಡಿಗೆ ಯಾರು ಕೊಟ್ಟಾರು? ಮರಳಿ ಬರುವಾಗಿನ ಉಪ್ಪಿನ ಹೇರೂ ಹೋಯಿತು. ಉಪ್ಪು ರೈಲಿನಲ್ಲೇ ಬರತೊಡಗಿತು. ರೈಲು ಬಂದದ್ದನ್ನು ನಾಡಿನ ಏಳಿಗೆ ಎಂದಷ್ಟೇ ಬರೆಯುವವರು ಈ ಲೆಕ್ಕ ಹಿಡಿಯುವುದಿಲ್ಲ. ಹಡಗಿಗೆ ಬದಲಿ ಸಿಕ್ಕಿತು ನಿಜ, ಆದರೆ ಆ ಬದಲಿ ಈ ನಾಲ್ಕೂ ಊರುಗಳನ್ನು ಬದಿಗಿಟ್ಟು ಹೋಯಿತು. ಬೆಳಗಾವಿಯಿಂದ ಹೊರಟ ಹಳಿ ಖಾನಾಪುರ, ಲೋಂಡಾ ಸುತ್ತಿ ಧಾರವಾಡ ಸೇರಿತು. ನಡುವಿನ ಕಿತ್ತೂರಿಗೆ ಹೆದ್ದಾರಿಯೊಂದೇ ದಕ್ಕಿತು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳು ಇಂದಿಗೂ ರೈಲು ನಿಲ್ದಾಣವಿಲ್ಲದ ತಾಲ್ಲೂಕು ಕೇಂದ್ರಗಳು. ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಬರುವ ಭಕ್ತರು ಅಂದು ಚಕ್ಕಡಿಯಲ್ಲಿ ಬಂದರು, ಇಂದು ಬಸ್ಸು, ಟ್ರ್ಯಾಕ್ಟರುಗಳಲ್ಲಿ ಬರುತ್ತಾರೆ.

ಕರಾವಳಿಯಲ್ಲಿ ಜನರ ಹಡಗು ಮಾತ್ರ ಹತ್ತಿಯ ಹಡಗಿಗಿಂತ ಹೆಚ್ಚು ಕಾಲ ಬಾಳಿತು. ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಉಗಿಹಡಗುಗಳು 20ನೇ ಶತಮಾನದಲ್ಲೂ ಕೊಂಕಣದ ಬಂದರುಗಳಿಗೆ ಬರುತ್ತಿದ್ದವು. ಮುಂಬಯಿ-ಪಣಜಿ ನಡುವೆ ಓಡಿದ 'ಕೊಂಕಣ ಸೇವಕ', 'ಕೊಂಕಣ ಶಕ್ತಿ' ಹಡಗುಗಳನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವೂ ನಿಂತವು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಅವಸರದ ಪ್ರಯಾಣಿಕನಿಗೆ ಕಡಲು ಬೇಡವಾಯಿತು. 2018ರಲ್ಲಿ 'ಆಂಗ್ರಿಯಾ' ಎಂಬ ವಿಹಾರ ಹಡಗು ಮುಂಬಯಿ-ಗೋವಾ ನಡುವೆ ಹೊರಟಿತು. 2020ರಲ್ಲಿ ಕೊರೊನಾ ಕಾಲಕ್ಕೆ ಅದೂ ನಿಂತಿತು. ಅದರಲ್ಲಿ ಹೋಗುತ್ತಿದ್ದವರು ಪ್ರವಾಸಿಗರು. ಅವರಿಗೆ ರೈಲು, ಬಸ್ಸು, ವಿಮಾನ ಎಲ್ಲವೂ ಇದ್ದವು. 1880ರ ದಶಕದ ಗಾಡಿಯವನಿಗೆ ಅಷ್ಟು ಆಯ್ಕೆಗಳಿರಲಿಲ್ಲ.

ಕುಮಟೆಯ ಹೆಸರು ಹಡಗಿಗಿಂತ ಗಟ್ಟಿ. ಬಂದರು ಸೊರಗಿದ ಎಷ್ಟೋ ವರ್ಷಗಳ ನಂತರವೂ ಹತ್ತಿಯ ಪೇಟೆಯಲ್ಲಿ, ಕೃಷಿ ಇಲಾಖೆಯ ಕಾಗದಗಳಲ್ಲಿ 'ಕುಮಟಾ' ತಳಿ ಉಳಿಯಿತು. ರೈತರು ಬಹುಕಾಲ ಬೆಳೆದ 'ಜಯಧರ' ಹತ್ತಿಯೂ ಅದೇ ಕುಲದ್ದು. ಇನ್ನು ಹಳಿಗಳ ಮಾತು. ಕಿತ್ತೂರಿನ ಮೂಲಕ ಧಾರವಾಡ-ಬೆಳಗಾವಿ ನೇರ ರೈಲು ಮಾರ್ಗಕ್ಕೆ ಇತ್ತೀಚಿನ ವರ್ಷಗಳಲ್ಲಿ ಮಂಜೂರಾತಿ ದೊರೆತಿದೆ. ಸವದತ್ತಿ, ರಾಮದುರ್ಗದ ಮೂಲಕ ಲೋಕಾಪುರಕ್ಕೆ ಹಳಿ ಹಾಕಬೇಕೆಂಬ ಬೇಡಿಕೆಯೂ ಇದೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಘಟ್ಟ ಇಳಿಯುವ ರೈಲಿಗೆ 1990ರ ದಶಕದ ಕೊನೆಗೆ ಒಪ್ಪಿಗೆ ಸಿಕ್ಕರೂ, ಕಾಡಿನ ತಕರಾರಿನಿಂದಾಗಿ ಅದು ದಶಕಗಳ ಕಾಲ ನೆನೆಗುದಿಗೆ ಬಿತ್ತು. ಘಟ್ಟದ ಮೇಲಿನ ಹತ್ತಿ ಸೀಮೆಯನ್ನು ಉತ್ತರ ಕನ್ನಡದ ಕಡಲಿಗೆ ರೈಲಿನಿಂದ ಜೋಡಿಸುವ ಮಾತು ಶುರುವಾದದ್ದು ಕುಮಟೆಯ ದಂಡೆಯಲ್ಲಿ ಪತ್ತೇಮಾರಿಗಳಿಗೆ ಅಂಡಿಗೆ ಹೇರುತ್ತಿದ್ದ ಕಾಲದಲ್ಲಿ.