ಅರಳೆಯ ಪೇಟೆಯಿಂದ ಶೇರು ಪೇಟೆಗೆ

ಸವದತ್ತಿಯ ಪುರಾತನ ಹೆಸರು ಸುಗಂಧವರ್ತಿ. ರಟ್ಟರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಶಾಂತಿವರ್ಮನು ಜಿನಾಲಯವನ್ನು ಕಟ್ಟಿಸಿ ಭೂದತ್ತಿ ಬಿಟ್ಟ ವಿಷಯವನ್ನು ಕ್ರಿ.ಶ. 980ರ ಶಾಸನ ತಿಳಿಸುತ್ತದೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಗದ್ಯಾಣಗಳನ್ನು ಇಡುಗಂಟಾಗಿರಿಸಿ, ಅವುಗಳ ಬಡ್ಡಿಯಿಂದ ಗೊಮ್ಮಟೇಶ್ವರನ ಅಭಿಷೇಕಕ್ಕೆ ಹಾಲು ಒದಗಿಸಿದ ಉಲ್ಲೇಖಗಳಿವೆ. ಮೂಲಧನವನ್ನು ಕಾಪಾಡಿಕೊಂಡು ಅದರ ಫಲದಿಂದ ಕಾರ್ಯ ಸಾಗಿಸುವ ಪದ್ಧತಿ ಶ್ರಾವಕರಿಗೆ ಹೊಸದಲ್ಲ. ಲಾಭಾಂಶಕ್ಕಾಗಿ ಶೇರು ಕೊಂಡಿಟ್ಟುಕೊಳ್ಳುವುದೂ ತತ್ತ್ವತಃ ಇದೇ ಜಾತಿಯದು.

ಆದರೆ ಫಲವನ್ನು ಬಿಟ್ಟು ಬೆಲೆಯ ಬೆನ್ನು ಹತ್ತಿದಾಗ ಏನಾಗುತ್ತದೆಂಬುದನ್ನೂ ಇದೇ ನೆಲದ ಬೆಳೆ ತೋರಿಸಿಕೊಟ್ಟಿದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಿತು. ಬೈಲಹೊಂಗಲ, ಸವದತ್ತಿಗಳಂಥ ಎರೆಭೂಮಿಯ ಸೀಮೆಗಳ ಅರಳೆಗೆ ಎಂದೂ ಕಾಣದ ಬೆಲೆ ಬಂದಿತು. ಬೆಲೆಯೊಡನೆ ಮೋಸವೂ ಬಂದಿತು. ಹತ್ತಿಯ ಕಲಬೆರಕೆಯನ್ನು ತಡೆಯಲು ಮುಂಬಯಿ ಸರಕಾರವು 1863ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸುವ ‘ಪ್ರತಿರೂಪಕ ವ್ಯವಹಾರ’ ಇದೇ ಅಲ್ಲವೇ?

ಹತ್ತಿಯ ಹಣ ಮುಂಬಯಿಯಲ್ಲಿ ಶೇರುಗಳಿಗೆ ಹರಿಯಿತು. ಬ್ಯಾಕ್ ಬೇ ಕಂಪನಿಯ ಐದು ಸಾವಿರ ರೂಪಾಯಿಯ ಶೇರಿಗೆ ಐವತ್ತು ಸಾವಿರದವರೆಗೂ ಹೆಚ್ಚುವರಿ ಬೆಲೆ ಏರಿತು. ಈ ಸಟ್ಟಾದ ಅಗ್ರಗಣ್ಯ ಪ್ರೇಮಚಂದ ರಾಯಚಂದ, ಸೂರತ್ತಿನ ಜೈನ ಮನೆತನದವನು. 1865ರಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಶೇರುಗಳು ಕಾಗದದ ಚೂರುಗಳಾದವು. ಅವನು ತಾಯಿಯ ಹೆಸರಿನಲ್ಲಿ ಕೊಟ್ಟ ದಾನದಿಂದ ನಿಂತ ರಾಜಾಬಾಯಿ ಗೋಪುರ ಇಂದಿಗೂ ಮುಂಬಯಿಯ ಭೂಷಣ. ದಾನ ಉದಾತ್ತವೇ, ಆದರೆ ಪರಿಗ್ರಹಕ್ಕೆ ಮೊದಲೇ ಹಾಕಿಕೊಳ್ಳಬೇಕಾದ ಮಿತಿಯ ಕೆಲಸವನ್ನು ಆಮೇಲೆ ಮಾಡಿದ ದಾನ ಪೂರೈಸಲಾರದು.

1875ರಲ್ಲಿ ಮುಂಬಯಿಯ ದಲಾಲರು ತಮ್ಮ ಸಂಘ ಕಟ್ಟಿಕೊಂಡರು. ಅನಂತರ ಶತಮಾನಕ್ಕೂ ಮಿಕ್ಕಿ ಸಣ್ಣ ಊರಿನವನಿಗೆ ಶೇರು ಪೇಟೆ ದೂರದ ಮಾತೇ ಆಗಿತ್ತು. 1992ರಲ್ಲಿ ಸೆಬಿಗೆ ಶಾಸನಬದ್ಧ ಅಧಿಕಾರ, 1994ರಲ್ಲಿ ರಾಷ್ಟ್ರೀಯ ಶೇರು ವಿನಿಮಯ ಕೇಂದ್ರದ ಗಣಕ ವಹಿವಾಟು, 1996ರಲ್ಲಿ ಡಿಪಾಜಿಟರಿ ಕಾಯಿದೆ ಬಂದವು. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜೆರೋಧಾ ಸಂಸ್ಥೆಯು ಶೇಕಡಾವಾರು ದಲಾಲಿಯ ಬದಲು ಒಂದು ಆದೇಶಕ್ಕೆ ಹೆಚ್ಚೆಂದರೆ 20 ರೂಪಾಯಿ ಎಂದು ಗೊತ್ತುಮಾಡಿತು. 2015ರ ಡಿಸೆಂಬರಿನಿಂದ ಶೇರು ಕೊಂಡು ಇಟ್ಟುಕೊಳ್ಳುವವರಿಗೆ ದಲಾಲಿಯನ್ನೇ ಬಿಟ್ಟಿತು. ಇಂದು ರಾಮದುರ್ಗದ ನೇಕಾರನೂ ಕಿತ್ತೂರಿನ ಶಿಕ್ಷಕಿಯೂ ಕೈಯಲ್ಲಿರುವ ಫೋನಿನಿಂದಲೇ ಒಂದು ಶೇರಿಗೆ ಒಡೆಯರಾಗಬಹುದು.

ಇದು ನಿಜವಾದ ಉಪಕಾರ. ಆದರೆ ಅಗ್ಗದ ದಾರಿ ಎರಡು ಕಡೆಗೂ ಹೋಗುತ್ತದೆ. ವಾಯಿದೆ ವ್ಯಾಪಾರದಲ್ಲಿ ತೊಡಗಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ನಷ್ಟ ಅನುಭವಿಸಿದರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತೆಂದೂ ಸೆಬಿ 2024ರಲ್ಲಿ ಪ್ರಕಟಿಸಿತು. 1865ರ ಪಾಠ ಇನ್ನೂ ಕಲಿತು ಮುಗಿದಿಲ್ಲ.

ಲಾಭಾಂಶವೂ ತಾನಾಗಿಯೇ ನಿರ್ದೋಷವಲ್ಲ. ಅದು ಖಚಿತವಾದ ಬಡ್ಡಿಯಲ್ಲ. ಲಾಭವಿಲ್ಲದ ವರ್ಷ ನಿಲ್ಲಬಹುದು. 2020ರ ಏಪ್ರಿಲಿನಿಂದ ಅದಕ್ಕೆ ಪಡೆದವನೇ ತೆರಿಗೆ ತೆರಬೇಕು. ಇವೆಲ್ಲಕ್ಕಿಂತ ಗುರುತರವಾದ ಪ್ರಶ್ನೆ ಬೇರೆ ಇದೆ: ಆ ಲಾಭ ಯಾವ ಉದ್ಯಮದಿಂದ ಬಂದಿತು? ಜೈನ ಶಾಸ್ತ್ರವು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಎಣಿಸುತ್ತದೆ. ಮದ್ಯ ಮಾಂಸಗಳ ಕಂಪನಿಯ ಒಂದೇ ಶೇರು ಹೊಂದಿದವನೂ ಅದರ ಲಾಭವನ್ನು ಸಂತೋಷದಿಂದ ಸ್ವೀಕರಿಸುವಾಗ ಅನುಮೋದನೆಯ ಪಾಲುದಾರನೇ. ದಲಾಲಿ ಶೂನ್ಯವಾದರೂ ಈ ಋಣ ಶೂನ್ಯವಾಗುವುದಿಲ್ಲ.

ಆದ್ದರಿಂದ ಶ್ರಾವಕನು ಶೇರು ಕೊಳ್ಳುವ ಮುನ್ನ ಉದ್ಯಮವನ್ನು ಪರೀಕ್ಷಿಸಲಿ. ತನಗೆಷ್ಟು ಸಾಕೆಂಬುದನ್ನು ಪರಿಗ್ರಹಪರಿಮಾಣ ವ್ರತದಂತೆ ಮೊದಲೇ ನಿಶ್ಚಯಿಸಲಿ. ಮಿಕ್ಕ ಫಲವನ್ನು, ಸುಗಂಧವರ್ತಿಯ ದತ್ತಿಯ ಹಾಗೆ, ಧರ್ಮಕಾರ್ಯಕ್ಕೆ ಬಿಡಲಿ.