ಬಾಳೆಕಾಯಿ ಹುಡಿ

ಬಾಳೆಕಾಯಿ ಹುಡಿ ಎಂಬುದು ಬಲಿತ, ಆದರೆ ಇನ್ನೂ ಹಣ್ಣಾಗದ ಬಾಳೆಕಾಯಿಯ ತಿರುಳನ್ನು ಹೆಚ್ಚಿ, ಒಣಗಿಸಿ, ಬೀಸಿ ತಯಾರಿಸುವ ಹಿಟ್ಟು. ಕರ್ನಾಟಕದಲ್ಲಿ ಇದು 2021ರಿಂದೀಚೆಗೆ ‘ಬಾಕಾಹು’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಇದು ಧಾನ್ಯದಿಂದ ಬಂದ ಹಿಟ್ಟಲ್ಲ. ಆದ್ದರಿಂದ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಇದರಲ್ಲಿ ಸ್ವಾಭಾವಿಕವಾಗಿ ಇರುವುದಿಲ್ಲ. ದೋಸೆ, ರೊಟ್ಟಿ, ಜಾಮೂನುಗಳಲ್ಲದೆ ಧಾನ್ಯರಹಿತ ಕೇಕ್, ಬಿಸ್ಕತ್ತು ಮತ್ತು ಬ್ರೆಡ್ಡುಗಳ ತಯಾರಿಕೆಯಲ್ಲಿಯೂ ಇದನ್ನು ಬಳಸಲಾಗುತ್ತದೆ.

ಹೆಸರು

‘ಬಾಕಾಹು’ ಎಂಬುದು ಬಾಳೆ, ಕಾಯಿ, ಹುಡಿ ಎಂಬ ಮೂರು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ರಚಿಸಿದ ಪದ. ‘ಹುಡಿ’ ಎಂಬುದು ಕರಾವಳಿ ಮತ್ತು ಮಲೆನಾಡಿನ ಬಳಕೆ. ಹಳೆ ಮೈಸೂರು ಭಾಗದಲ್ಲಿ ಇದನ್ನೇ ‘ಪುಡಿ’ ಎನ್ನುತ್ತಾರೆ. ಮಾಗಿದ ಹಣ್ಣನ್ನು ಒಣಗಿಸಿ ಮಾಡುವ ಸಿಹಿಯಾದ ಬಾಳೆಹಣ್ಣಿನ ಪುಡಿ ಬೇರೆಯದೇ ಪದಾರ್ಥ. ಅದರಲ್ಲಿ ಸಕ್ಕರೆಯ ಅಂಶ ಹೆಚ್ಚು. ಬಾಳೆಕಾಯಿ ಹುಡಿಯಲ್ಲಿ ಪಿಷ್ಟವೇ ಪ್ರಧಾನ.

ಇತಿಹಾಸ

ಬಾಳೆಯನ್ನು ಮುಖ್ಯ ಆಹಾರವಾಗಿ ಬೆಳೆಯುವ ಆಫ್ರಿಕಾ ಮತ್ತು ಏಷ್ಯಾದ ಉಷ್ಣವಲಯದ ಪ್ರದೇಶಗಳಲ್ಲಿ ಕಾಯಿಯನ್ನು ಒಣಗಿಸಿ ಹಿಟ್ಟು ಮಾಡಿಟ್ಟುಕೊಳ್ಳುವ ಪದ್ಧತಿ ಹಳೆಯದು. ಕೇರಳದಲ್ಲಿ ನೇಂದ್ರ ಮತ್ತು ಕುನ್ನನ್ ತಳಿಯ ಕಾಯಿಗಳನ್ನು ಒಣಗಿಸಿ ಬೀಸಿ, ಹಾಲು ಅಥವಾ ನೀರಿನಲ್ಲಿ ಬೇಯಿಸಿ ಶಿಶುಗಳಿಗೆ ತಿನ್ನಿಸುವ ರೂಢಿ ಇಂದಿಗೂ ಇದೆ. ಕೇರಳದ ಗಡಿ ಜಿಲ್ಲೆಯಾದ ಕಾಸರಗೋಡು ಮತ್ತು ಅದಕ್ಕೆ ಹೊಂದಿಕೊಂಡ ದಕ್ಷಿಣ ಕನ್ನಡದ ಮನೆಗಳಿಗೂ ಈ ಶಿಶು ಆಹಾರ ಪರಿಚಿತ.

ಧಾನ್ಯರಹಿತ ಆಹಾರದ ಚರಿತ್ರೆಯಲ್ಲಿ ಬಾಳೆಗೆ ವಿಶೇಷ ಸ್ಥಾನವಿದೆ. ಸೀಲಿಯಾಕ್ ಕಾಯಿಲೆಯಿಂದ ಮಕ್ಕಳು ಕೃಶರಾಗಿ ಸಾಯುತ್ತಿದ್ದ ಕಾಲದಲ್ಲಿ, 1924ರಲ್ಲಿ, ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ ಬಾಳೆಹಣ್ಣನ್ನು ಮುಖ್ಯವಾಗಿಟ್ಟುಕೊಂಡ ಪಥ್ಯವೊಂದನ್ನು ಪ್ರಕಟಿಸಿದರು. ಈ ಪಥ್ಯದಲ್ಲಿ ಬ್ರೆಡ್ಡು ಮತ್ತು ಧಾನ್ಯಗಳಿಗೆ ಅವಕಾಶವಿರಲಿಲ್ಲ. ಮಕ್ಕಳು ಚೇತರಿಸಿಕೊಂಡರು, ಆದರೆ ಚೇತರಿಕೆಗೆ ಬಾಳೆಯೇ ಕಾರಣವೆಂದು ಭಾವಿಸಲಾಯಿತು. ಹಾಗಾಗಿ ಗುಣವಾದರೆಂದು ತಿಳಿದು ಮತ್ತೆ ಗೋಧಿ ತಿನ್ನತೊಡಗಿದವರಲ್ಲಿ ಕರುಳಿನ ಹಾನಿ ಮರುಕಳಿಸುವ ಅಪಾಯ ಉಳಿಯಿತು. ನೆದರ್ಲೆಂಡ್ಸಿನ ವೈದ್ಯ ವಿಲ್ಲೆಮ್ ಡಿಕೆ, ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದ ಬ್ರೆಡ್ ಅಭಾವದ ದಿನಗಳ ಅನುಭವವನ್ನೂ ಒಳಗೊಂಡ ತಮ್ಮ ಅಧ್ಯಯನಗಳಿಂದ, ರೋಗವನ್ನು ಕೆರಳಿಸುವುದು ಗೋಧಿಯೇ ಎಂದು ತೋರಿಸಿದರು. ಅವರ ಪ್ರೌಢಪ್ರಬಂಧ 1950ರಲ್ಲಿ ಹೊರಬಂದಿತು. ಬಾಳೆ ಔಷಧಿಯಾಗಿರಲಿಲ್ಲ, ಅದು ಗೋಧಿಯ ಸ್ಥಾನವನ್ನು ತುಂಬಿದ್ದ ನಿರಪಾಯಕರ ಆಹಾರವಾಗಿತ್ತು ಎಂಬುದು ಆಗ ಸ್ಪಷ್ಟವಾಯಿತು.

ಕರ್ನಾಟಕದಲ್ಲಿ ಬಾಕಾಹು

2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ನಿರ್ಬಂಧಗಳ ಕಾಲದಲ್ಲಿ ಮದುವೆ, ಜಾತ್ರೆ, ಉತ್ಸವಗಳು ನಿಂತು ಬಾಳೆಗೆ ಬೇಡಿಕೆ ಕುಸಿದಿತ್ತು. ಬಾಳೆಗೊನೆ ಕಾಯುವ ಬೆಳೆಯಲ್ಲ. ಕಡಿದ ಕೆಲವೇ ದಿನಗಳಲ್ಲಿ ಹಣ್ಣಾಗಿ ಕೊಳೆಯುತ್ತದೆ. ಕೊಳ್ಳುವವರಿಲ್ಲದ ಗೊನೆಯನ್ನು ತೋಟದಲ್ಲೇ ಬಿಡುವ ಸ್ಥಿತಿ ಅನೇಕ ಬೆಳೆಗಾರರಿಗೆ ಒದಗಿತು. ಈ ಸಂದರ್ಭದಲ್ಲಿ ಪುತ್ತೂರಿನಿಂದ ಪ್ರಕಟವಾಗುವ ಕೃಷಿ ಮಾಸಿಕ ‘ಅಡಿಕೆ ಪತ್ರಿಕೆ’ಯ ಸಂಪಾದಕ, ಕಾಸರಗೋಡು ಜಿಲ್ಲೆಯ ಶ್ರೀ ಪಡ್ರೆಯವರು ಬಾಳೆಕಾಯಿಯ ಹುಡಿ ತಯಾರಿಸುವ ವಿಚಾರವನ್ನು ಕೃಷಿಕರ ನಡುವೆ ಪ್ರಚಾರಕ್ಕೆ ತಂದರು. ಮಳೆಕೊಯ್ಲು ಮತ್ತು ಹಲಸಿನ ಮೌಲ್ಯವರ್ಧನೆಯ ಕುರಿತ ಬರವಣಿಗೆಯಿಂದ ಅವರು ಅದಾಗಲೇ ಪರಿಚಿತರಾಗಿದ್ದರು.

ತಯಾರಿಕೆಯ ಮಾಹಿತಿ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ಮನೆಯಿಂದ ಮನೆಗೆ ಹರಡಿತು. ದೊಡ್ಡ ಯಂತ್ರಗಳ ಅಗತ್ಯವಿಲ್ಲದೆ, ಈಳಿಗೆಮಣೆ, ಬಿಸಿಲು ಮತ್ತು ಮಿಕ್ಸರ್ ಇದ್ದರೆ ಸಾಕೆಂಬುದು ಇದರ ವೇಗಕ್ಕೆ ಮುಖ್ಯ ಕಾರಣವಾಯಿತು. ಉತ್ತರ ಕನ್ನಡ, ದಕ್ಷಿಣ ಕನ್ನಡ ಮೊದಲಾದ ಜಿಲ್ಲೆಗಳಲ್ಲಿ ಮುಖ್ಯವಾಗಿ ಮಹಿಳೆಯರು ಈ ಪ್ರಯೋಗಗಳನ್ನು ಕೈಗೊಂಡು, ದೋಸೆ, ಚಪಾತಿ, ಹಲ್ವ, ಜಾಮೂನುಗಳಲ್ಲಿ ಗೋಧಿ ಮತ್ತು ಮೈದಾದ ಬದಲಿಗೆ ಬಾಕಾಹು ಬಳಸಿದರು. 2021ರ ಜುಲೈ 25ರ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಈ ಎರಡು ಜಿಲ್ಲೆಗಳ ಮಹಿಳೆಯರು ಬಾಳೆಯ ಹಿಟ್ಟಿನಿಂದ ಖಾದ್ಯಗಳನ್ನು ತಯಾರಿಸುತ್ತಿರುವುದನ್ನು ಉಲ್ಲೇಖಿಸಿದರು.

ಶಿವಮೊಗ್ಗ, ಭದ್ರಾವತಿ, ಸಾಗರ, ಶಿರಸಿ ಸುತ್ತಲಿನ ಅಡಿಕೆ ತೋಟಗಳಲ್ಲಿ ಬಾಳೆ ಸಾಂಪ್ರದಾಯಿಕ ಅಂತರ ಬೆಳೆ. ಅಡಿಕೆ ಸಸಿಗಳಿಗೆ ನೆರಳು ನೀಡುವುದಕ್ಕಾಗಿಯೂ ಅದನ್ನು ನೆಡುತ್ತಾರೆ. ಒಬ್ಬ ಬೆಳೆಗಾರನಲ್ಲಿ ಒಮ್ಮೆಗೆ ಸಿಗುವ ಗೊನೆಗಳು ಕಡಿಮೆಯಾದ್ದರಿಂದ ದೂರದ ಮಾರುಕಟ್ಟೆಗೆ ಸಾಗಿಸುವುದು ಲಾಭದಾಯಕವಲ್ಲ. ಇಂತಹ ಕಡೆಗಳಲ್ಲಿ ಮನೆಯಲ್ಲೇ ಹುಡಿ ಮಾಡುವುದು ಹೆಚ್ಚು ಅನ್ವಯವಾಗುತ್ತದೆ.

ತಯಾರಿಕೆ

ಕಾಯಿ ಪೂರ್ಣ ಬಲಿತಿರಬೇಕು, ಬಣ್ಣ ತಿರುಗಿರಬಾರದು. ಎಳೆಯ ಕಾಯಿಯಲ್ಲಿ ಪಿಷ್ಟ ಕಡಿಮೆ, ಒಗರು ಹೆಚ್ಚು. ಹಣ್ಣಾಗತೊಡಗಿದ ಕಾಯಿಯಲ್ಲಿ ಪಿಷ್ಟವು ಸಕ್ಕರೆಯಾಗಿ ಮಾರ್ಪಡುವುದರಿಂದ ಹೋಳುಗಳು ಅಂಟಾಗಿ ಸರಿಯಾಗಿ ಒಣಗುವುದಿಲ್ಲ. ನೇಂದ್ರ, ಪಚ್ಚಬಾಳೆ ಮತ್ತು ಅಡುಗೆಗೆ ಬಳಸುವ ಬೂದಿಬಾಳೆ ಸೇರಿದಂತೆ ಯಾವ ತಳಿಯಿಂದಲೂ ಹುಡಿ ಮಾಡಬಹುದು. ನೇಂದ್ರದಲ್ಲಿ ಒಣ ಅಂಶ ಹೆಚ್ಚಾದ್ದರಿಂದ ಇಳುವರಿಯೂ ಹೆಚ್ಚು.

ಕೈಗೆ ಎಣ್ಣೆ ಸವರಿಕೊಂಡು ಸಿಪ್ಪೆ ತೆಗೆದರೆ ಕಾಯಿಯ ಸೊನೆ ಅಂಟುವುದಿಲ್ಲ. ತಿರುಳನ್ನು 3ರಿಂದ 5 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಲಾಗುತ್ತದೆ. ಹೆಚ್ಚಿದ ಬಿಲ್ಲೆಗಳು ಗಾಳಿಗೆ ತೆರೆದುಕೊಂಡಾಗ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವದಿಂದ ಕಪ್ಪಾಗುತ್ತವೆ. ಇದನ್ನು ತಡೆಯಲು ನಿಂಬೆರಸ, ಸಿಟ್ರಿಕ್ ಆಮ್ಲ, ಅಥವಾ ಉಪ್ಪು ಸೇರಿಸಿದ ಮಜ್ಜಿಗೆಯ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಡುತ್ತಾರೆ. ಅಕ್ಕಿಯ ಗಂಜಿತಿಳಿಯನ್ನು ಬಳಸುವುದೂ ಉಂಟು. ಆದರೆ ಹಾಗೆ ಮಾಡಿದ ಹುಡಿಯನ್ನು ಸಂಪೂರ್ಣ ಧಾನ್ಯರಹಿತ ಎನ್ನಲಾಗದು.

ಬಿಲ್ಲೆಗಳನ್ನು ಬಿಸಿಲಿನಲ್ಲಿ ಅಥವಾ 50ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದ ಡ್ರೈಯರಿನಲ್ಲಿ, ಬಗ್ಗಿಸಿದರೆ ಲಟಕ್ಕನೆ ಮುರಿಯುವವರೆಗೆ ಒಣಗಿಸಬೇಕು. ಹುಡಿಯ ತೇವಾಂಶ ಪ್ರತಿಶತ 10ಕ್ಕಿಂತ ಕಡಿಮೆಯಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡಬಹುದು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಬಿಸಿಲು ದೊರೆಯದಿರುವುದು ದೊಡ್ಡ ತೊಡಕು. ಅರ್ಧ ಒಣಗಿದ ಬಿಲ್ಲೆಗಳಿಗೆ ಬೇಗ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡ ಬಿಲ್ಲೆಗಳನ್ನು ಒರೆಸಿ ಬಳಸುವುದು ಸುರಕ್ಷಿತವಲ್ಲ.

ಕಾಯಿಯ ತೂಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಿಪ್ಪೆಯಲ್ಲಿ ಹೋಗುತ್ತದೆ. ಉಳಿದ ತಿರುಳಿನಲ್ಲಿ ಸುಮಾರು ಪ್ರತಿಶತ 70 ನೀರು. ಹೀಗಾಗಿ ಒಂದು ಕಿಲೋ ಹುಡಿಗೆ ಸಾಮಾನ್ಯವಾಗಿ 4ರಿಂದ 6 ಕಿಲೋ ಕಾಯಿ ಬೇಕಾಗುತ್ತದೆ. ಹುಡಿಯ ಬೆಲೆ ಗೋಧಿ ಹಿಟ್ಟಿಗಿಂತ ಹೆಚ್ಚಾಗಿರಲು ಇದೇ ಮುಖ್ಯ ಕಾರಣ.

ಪೋಷಕಾಂಶಗಳು

ಹಸಿರು ಬಾಳೆಕಾಯಿಯ ತಿರುಳಿನ ಒಣ ತೂಕದಲ್ಲಿ ಪ್ರತಿಶತ 70ರಿಂದ 80ರಷ್ಟು ಪಿಷ್ಟವಿರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸಣ್ಣ ಕರುಳಿನಲ್ಲಿ ಜೀರ್ಣವಾಗದ ‘ನಿರೋಧಕ ಪಿಷ್ಟ’. ಅದು ದೊಡ್ಡ ಕರುಳನ್ನು ತಲುಪಿ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ, ನಾರಿನಂತೆ ವರ್ತಿಸುತ್ತದೆ. ಆದರೆ ಈ ಗುಣ ಹಸಿ ಹುಡಿಗೆ ಸಂಬಂಧಿಸಿದ್ದು. ನೀರಿನೊಡನೆ ಬೇಯಿಸಿದಾಗ ಪಿಷ್ಟದ ಕಣಗಳು ಉಬ್ಬಿ ಒಡೆದು, ನಿರೋಧಕ ಪಿಷ್ಟದ ಬಹುಭಾಗ ಸುಲಭವಾಗಿ ಜೀರ್ಣವಾಗುವ ಪಿಷ್ಟವಾಗುತ್ತದೆ. ಆರಿಸಿದಾಗ ಅದರಲ್ಲಿ ಅಲ್ಪ ಭಾಗ ಮಾತ್ರ ಮತ್ತೆ ನಿರೋಧಕ ರೂಪಕ್ಕೆ ಮರಳುತ್ತದೆ. ಆದ್ದರಿಂದ ಹಸಿ ಹುಡಿಯ ಕುರಿತ ಅಂಕಿಗಳನ್ನು ಬೇಯಿಸಿದ ಕೇಕಿಗೆ ಅನ್ವಯಿಸುವುದು ಸರಿಯಲ್ಲ.

ಹುಡಿಯಲ್ಲಿ ಪೊಟ್ಯಾಸಿಯಂ ಸಮೃದ್ಧವಾಗಿದೆ. ಪ್ರೋಟೀನು ಮಾತ್ರ ಪ್ರತಿಶತ 3ರಿಂದ 4ರ ಆಸುಪಾಸು. ಗೋಧಿ ಹಿಟ್ಟಿನಲ್ಲಿ ಇದು 10ರಿಂದ 12. ಊಟದಲ್ಲಿ ಗೋಧಿಯನ್ನು ಸಂಪೂರ್ಣವಾಗಿ ಬಿಟ್ಟವರು ಪ್ರೋಟೀನನ್ನು ಬೇರೆ ಆಹಾರಗಳಿಂದ ಪಡೆಯಬೇಕಾಗುತ್ತದೆ.

ಧಾನ್ಯರಹಿತ ಬೇಕಿಂಗ್

ಗೋಧಿ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳು ಕೂಡಿ ಗ್ಲುಟೆನ್‌ನ ಜಾಲ ಉಂಟಾಗುತ್ತದೆ. ಈ ಜಾಲ ಅನಿಲವನ್ನು ಹಿಡಿದಿಡುವುದರಿಂದ ಬ್ರೆಡ್ಡು ಉಬ್ಬುತ್ತದೆ. ಬಾಳೆಕಾಯಿ ಹುಡಿಯಲ್ಲಿ ಈ ಜಾಲವಿಲ್ಲ. ಅದರ ಕೆಲಸವನ್ನು ಬೇರೆ ಪದಾರ್ಥಗಳು ಮಾಡಬೇಕು. ಮೊಟ್ಟೆಯ ಬಿಳಿಭಾಗ ಶಾಖಕ್ಕೆ ಗಟ್ಟಿಯಾಗಿ ಚೌಕಟ್ಟನ್ನು ಒದಗಿಸುತ್ತದೆ. ಮೊಟ್ಟೆ ಬಳಸದವರು ನೀರಿನಲ್ಲಿ ಲೋಳೆಯಾಗುವ ಇಸಬಗೋಲಿನ ಹೊಟ್ಟು ಅಥವಾ ಬೀಸಿದ ಅಗಸೆಬೀಜವನ್ನು ಬಳಸುತ್ತಾರೆ. ಬಾಳೆಕಾಯಿ ಹುಡಿಯೊಂದನ್ನೇ ಬಳಸಿದರೆ ಕೇಕ್ ಒತ್ತಾಗಿ ಅಂಟಂಟಾಗುತ್ತದೆ. ಗೋಡಂಬಿ, ಬಾದಾಮಿ ಅಥವಾ ತೆಂಗಿನ ಹಿಟ್ಟು ಬೆರೆಸಿದರೆ ಹದ ಸುಧಾರಿಸುತ್ತದೆ.

ಬಾಳೆಕಾಯಿ ಹುಡಿ ಗೋಧಿ ಹಿಟ್ಟಿಗಿಂತ ಹೆಚ್ಚು ನೀರು ಹೀರುತ್ತದೆ. ಗೋಧಿಯ ಪಾಕವಿಧಾನದಲ್ಲಿ ಇದನ್ನು ಬಳಸುವಾಗ ಹಿಟ್ಟಿನ ಪ್ರಮಾಣವನ್ನು ಸುಮಾರು ಕಾಲು ಭಾಗ ತಗ್ಗಿಸಿ, ಕಲಸಿದ ಹಿಟ್ಟನ್ನು ಹತ್ತು ಹದಿನೈದು ನಿಮಿಷ ನೆನೆಯಲು ಬಿಡುವುದು ವಾಡಿಕೆ. ಸಣ್ಣ ಕೇಕ್ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಬೇಯುತ್ತದೆ. ಓವನ್ ಇಲ್ಲದ ಮನೆಗಳಲ್ಲಿ ದಪ್ಪ ತಳದ ಪಾತ್ರೆಯಲ್ಲಿ ಮರಳು ಅಥವಾ ಉಪ್ಪನ್ನು ಹರಡಿ, ಕಾಯಿಸಿ, ಅದರ ಮೇಲೆ ಕೇಕಿನ ತಟ್ಟೆಯಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಕೇಕ್ ಪೂರ್ತಿ ಆರಿದ ಮೇಲೆಯೇ ಕತ್ತರಿಸಬೇಕು. ಬಿಸಿಯಿರುವಾಗ ಅದು ಪುಡಿಯಾಗುತ್ತದೆ.

ಮಾರುಕಟ್ಟೆಯ ಬೇಕಿಂಗ್ ಪೌಡರಿನಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಬೆರೆತಿರುತ್ತದೆ. ಧಾನ್ಯವನ್ನು ಪೂರ್ಣ ವರ್ಜಿಸುವವರು ಅದರ ಬದಲು ಅಡುಗೆ ಸೋಡವನ್ನು ನಿಂಬೆರಸದೊಡನೆ ಬಳಸುತ್ತಾರೆ. ಖಾರದ ತಿನಿಸುಗಳಿಗೆ ಹಾಕುವ ಕೂಟು ಇಂಗಿನಲ್ಲಿಯೂ ಗೋಧಿ ಅಥವಾ ಅಕ್ಕಿ ಹಿಟ್ಟು ಇರುತ್ತದೆ.

ಪೇಲಿಯೊ ಆಹಾರ ಕ್ರಮ

ಹಳೆ ಶಿಲಾಯುಗದ ಮಾನವರು ತಿನ್ನುತ್ತಿದ್ದರೆಂದು ಭಾವಿಸಲಾದ ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬೀಜಗಳಿಗೆ ಆದ್ಯತೆ ನೀಡಿ, ಧಾನ್ಯ, ದ್ವಿದಳ ಧಾನ್ಯ, ಹಾಲಿನ ಉತ್ಪನ್ನ ಮತ್ತು ಸಂಸ್ಕರಿಸಿದ ಸಕ್ಕರೆಯನ್ನು ಬಿಡುವ ಕ್ರಮಕ್ಕೆ ಪೇಲಿಯೊ ಎನ್ನುತ್ತಾರೆ. ವಾಲ್ಟರ್ ವೋಗ್ಟ್ಲಿನ್ 1975ರಲ್ಲಿ, ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ 1985ರಲ್ಲಿ ಈ ವಿಚಾರವನ್ನು ಮಂಡಿಸಿದರು. ಲೊರೆನ್ ಕಾರ್ಡೇನ್ ಅವರ 2002ರ ಪುಸ್ತಕದಿಂದ ಅದು ಜನಪ್ರಿಯವಾಯಿತು. ಈ ಕ್ರಮದವರು ಮನೆಯ ಬೇಕಿಂಗಿಗೆ ಬಳಸುವ ಹಿಟ್ಟುಗಳಲ್ಲಿ ಬಾಳೆಕಾಯಿ ಹುಡಿಯೂ ಒಂದು.

ಇದರ ಚಾರಿತ್ರಿಕ ಆಧಾರ ಪ್ರಶ್ನಾತೀತವಲ್ಲ. ಇಸ್ರೇಲಿನ ಒಹಾಲೊ 2 ಎಂಬ ನೆಲೆಯಲ್ಲಿ ಸುಮಾರು 23,000 ವರ್ಷಗಳ ಹಿಂದಿನ ಜನರು ಕಾಡು ಬಾರ್ಲಿಯನ್ನು ಸಂಗ್ರಹಿಸಿ ಕಲ್ಲಿನಲ್ಲಿ ಅರೆದಿದ್ದಕ್ಕೆ ಸಾಕ್ಷ್ಯ ದೊರೆತಿದೆ. ಇತ್ತ, ಬೀಜವಿಲ್ಲದ ಇಂದಿನ ಬಾಳೆ ಕೃಷಿಯ ಫಲ. ನ್ಯೂಗಿನಿಯ ಕುಕ್ ಎಂಬಲ್ಲಿ ಬಾಳೆ ಕೃಷಿಯ ಕುರುಹುಗಳು ಸುಮಾರು 7,000 ವರ್ಷಗಳಷ್ಟು ಹಳೆಯವು. ಅಲ್ಲದೆ ಧಾನ್ಯರಹಿತವೆಂದರೆ ಕಡಿಮೆ ಕಾರ್ಬೊಹೈಡ್ರೇಟ್ ಎಂದು ಅರ್ಥವಲ್ಲ. ಬೆಲ್ಲ ಹಾಕಿದ ಬಾಳೆಕಾಯಿ ಹುಡಿಯ ಕೇಕ್ ಮಧುಮೇಹಿಗಳ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಸುರಕ್ಷತೆ

ಸೀಲಿಯಾಕ್ ರೋಗಿಗಳಿಗೆ ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳನ್ನು ಜೀವನಪೂರ್ತಿ ವರ್ಜಿಸುವುದೇ ಚಿಕಿತ್ಸೆ. ಅಕ್ಕಿ, ಜೋಳ, ರಾಗಿ ಧಾನ್ಯಗಳೇ ಆದರೂ ಅವುಗಳಲ್ಲಿ ಗ್ಲುಟೆನ್ ಇಲ್ಲ. ಹಾಗಾಗಿ ಇವರಿಗೆ ಎಲ್ಲ ಧಾನ್ಯಗಳನ್ನೂ ಬಿಡುವ ಅಗತ್ಯವಿಲ್ಲ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ, ಗ್ಲುಟೆನ್ ರಹಿತವೆಂದು ಮಾರುವ ಆಹಾರದಲ್ಲಿ ಅದರ ಪ್ರಮಾಣ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಊರಿನ ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೆ ಬಾಳೆಬಿಲ್ಲೆ ಬೀಸಿದರೆ ಈ ಮಿತಿ ಸುಲಭವಾಗಿ ಮೀರಬಹುದು. ಅಂತಹ ರೋಗಿಗಳಿರುವ ಮನೆಯಲ್ಲಿ ಪ್ರತ್ಯೇಕ ಮಿಕ್ಸರ್ ಜಾಡಿ, ಜರಡಿ ಮತ್ತು ಕೇಕಿನ ತಟ್ಟೆ ಬಳಸುವುದು ಸೂಕ್ತ. ರೋಗದ ಶಂಕೆಯಿರುವವರು ರಕ್ತಪರೀಕ್ಷೆಗೆ ಮುನ್ನವೇ ಗೋಧಿ ಬಿಟ್ಟರೆ ಪರೀಕ್ಷೆಯಲ್ಲಿ ರೋಗ ಪತ್ತೆಯಾಗದಿರಬಹುದು.

ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಸಿಯಂ ಮಿತಿಗೊಳಿಸಬೇಕಾದವರು ವೈದ್ಯರ ಸಲಹೆಯಿಲ್ಲದೆ ಈ ಹುಡಿಯನ್ನು ಬಳಸಬಾರದು. ರಬ್ಬರಿನ ಲ್ಯಾಟೆಕ್ಸ್ ಅಲರ್ಜಿ ಇರುವ ಕೆಲವರಿಗೆ ಬಾಳೆಯೂ ಅಲರ್ಜಿ ಉಂಟುಮಾಡುತ್ತದೆ.

ಇತರ ಧಾನ್ಯೇತರ ಹಿಟ್ಟುಗಳು

ಕರ್ನಾಟಕಕ್ಕೆ ಧಾನ್ಯೇತರ ಹಿಟ್ಟು ಹೊಸತಲ್ಲ. ಕೂವೆ ಗೆಡ್ಡೆಯನ್ನು ಅರೆದು, ಸೋಸಿ, ತಿಳಿಯಿಳಿಸಿ ತೆಗೆಯುವ ಕೂವೆ ಹಿಟ್ಟು ಶಿಶುಗಳ ಮತ್ತು ರೋಗಿಗಳ ಆಹಾರ. ಬೈನೆ ಮರದ ತಿರುಳಿನ ಹಿಟ್ಟು ಪಶ್ಚಿಮ ಘಟ್ಟದ ಜನರಿಗೆ ಬರಗಾಲದಲ್ಲಿ ಆಸರೆಯಾಗಿತ್ತು. ಹಲಸಿನ ಬೀಜದ ಹುಡಿ, ಮರಗೆಣಸಿನ ಹುಡಿ ಮತ್ತು ತೆಂಗಿನ ಹಿಟ್ಟುಗಳೂ ಬಳಕೆಯಲ್ಲಿವೆ. ಕಹಿ ಮರಗೆಣಸಿನಲ್ಲಿ ಸಯನೈಡ್ ಉಂಟುಮಾಡುವ ಪದಾರ್ಥಗಳಿರುವುದರಿಂದ ಅದನ್ನು ಸರಿಯಾಗಿ ಸಂಸ್ಕರಿಸದೆ ಹುಡಿ ಮಾಡಬಾರದು. ಏಕಾದಶಿಯಂದು ಧಾನ್ಯ ವರ್ಜಿಸಿ ಫಲಾಹಾರ ಸ್ವೀಕರಿಸುವ ಮನೆಗಳಲ್ಲಿ ಬಾಳೆ, ಗೆಣಸು, ತೆಂಗುಗಳ ಅಡುಗೆ ಮೊದಲಿನಿಂದಲೂ ನಡೆದುಬಂದಿದೆ.

ಇವನ್ನೂ ನೋಡಿ

ಬಾಳೆ
ಹಲಸು
ಕೂವೆ ಗೆಡ್ಡೆ
ಗ್ಲುಟೆನ್
ಸೀಲಿಯಾಕ್ ಕಾಯಿಲೆ
ಅಡಿಕೆ ಪತ್ರಿಕೆ