ಅಡುಗೆಮನೆ ಇತಿಹಾಸ, ಭಾಗ 4: ನೆಲ ಇಲ್ಲದವರ ತೋಟ

1/5
ಜಮೀನು ಸ್ಥಿರಾಸ್ತಿ ಅಂತ ನಮ್ಮ ಅಕೌಂಟ್ಸ್ ಕ್ಲಾಸಲ್ಲಿ ಶುರುವಿಗೇ ಹೇಳಿಕೊಡ್ತಾರೆ. ಹಾಗಾದ್ರೆ ನಿಮ್ಮ ಕಿಟಕಿ ಮೇಲಿರೋ ಪುದೀನ ಕುಂಡ? ಅದು ಚರಾಸ್ತಿ. ಮನೆ ಖಾಲಿ ಮಾಡುವಾಗ ಆಟೋದಲ್ಲಿ ಕಾಲ ಹತ್ರ ಇಟ್ಕೊಂಡು ಹೋಗಬಹುದು. ಕುಂಡದಲ್ಲಿ ಸೊಪ್ಪು ಬೆಳೆಯೋದು ರೀಲ್ಸ್ ಬಂದ ಮೇಲೆ ಶುರುವಾಗಿದ್ದು ಅಂದ್ಕೊಂಡಿದ್ರೆ, ಬನ್ನಿ, 2,000 ವರ್ಷಕ್ಕೂ ಹಿಂದೆ ಹೋಗೋಣ.

2/5
ಹಳೇ ಅಥೆನ್ಸ್. ಅಡೋನಿಸ್ ಅನ್ನೋ ಸುಂದರ ಯುವಕನ ಸಾವಿಗೆ ಅಳುವ ಹಬ್ಬ. ಹೆಂಗಸರು ಒಡೆದ ಮಡಕೆಗಳಲ್ಲಿ ಲೆಟಿಸ್, ಸೋಂಪು ಬಿತ್ತಿ, ಏಣಿ ಹತ್ತಿ ಮಾಳಿಗೆ ಮೇಲೆ ಇಡ್ತಿದ್ರು. ಮಣ್ಣು ಕಡಿಮೆ, ಬಿಸಿಲು ಜಾಸ್ತಿ. ಬೇಗ ಮೊಳೆತು ಬೇಗ ಬಾಡುತ್ತಿದ್ದವು. ಬುದ್ಧಿ ಇರೋ ರೈತ ಒಳ್ಳೇ ಬೀಜವನ್ನ ಹೀಗೆ ಹಾಳು ಮಾಡ್ತಾನಾ ಅನ್ನೋ ಅರ್ಥದಲ್ಲಿ ಪ್ಲೇಟೋ 'ಫೀಡ್ರಸ್'ನಲ್ಲಿ ಇದರ ಮಾತು ತಂದಿದ್ದಾನೆ. ಸರಿನೇ. ಆದ್ರೆ ಹೊಲ ಇದ್ದಿದ್ದು ಗಂಡಸರ ಕೈಯಲ್ಲಿ. ಹೆಂಗಸರ ಪಾಲಿಗೆ ಉಳಿದಿದ್ದು ಮಾಳಿಗೆ ಮತ್ತು ಒಡೆದ ಮಡಕೆ.

3/5
ಈಗ ರೋಮ್. ಊರಿನ ಬಡವರು ಒಂದು ಕಾಲದಲ್ಲಿ ಕಿಟಕಿಯಲ್ಲೇ ತೋಟ ಮಾಡ್ಕೊಂಡು ಹಸಿರು ನೋಡ್ತಿದ್ರು, ಆಮೇಲೆ ಕಳ್ಳತನ ಹೆಚ್ಚಾಗಿ ಕಿಟಕಿಗಳನ್ನೇ ಮುಚ್ಚಬೇಕಾಯ್ತು ಅಂತ ಪ್ಲಿನಿ ಬರೆದಿದ್ದಾನೆ. ಇದೇ ಪ್ಲಿನಿ ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಸಿಡಿದಾಗ ತೀರಿಕೊಂಡ. ಅವತ್ತು ಬೂದಿಯಲ್ಲಿ ಹೂತುಹೋದ ಪೊಂಪೇಯಿಯ ತೋಟಗಳಲ್ಲಿ ಗಿಡ ನೆಡುವ ಮಣ್ಣಿನ ಕುಂಡಗಳು ಸಿಕ್ಕಿವೆ. ತಳದಲ್ಲಿ, ಪಕ್ಕದಲ್ಲಿ ತೂತು! ನಿಮ್ಮ ಕುಂಡದ ತೂತಿನ ಐಡಿಯಾ ಎಷ್ಟು ಹಳೇದು ನೋಡಿ.

4/5
14ನೇ ಶತಮಾನದ ಇಟಲಿ. ಬೊಕಾಚಿಯೋನ 'ಡೆಕಾಮೆರಾನ್'ನಲ್ಲಿ ಲಿಸಬೆಟ್ಟಾ ಅನ್ನೋ ಹುಡುಗಿಯ ಕತೆ ಇದೆ. ಅವಳ ಅಣ್ಣಂದಿರು ವ್ಯಾಪಾರಿಗಳು. ಅವಳ ಪ್ರಿಯಕರನನ್ನ ಕೊಂದು ಹೂತುಬಿಡ್ತಾರೆ. ಅವಳು ಅವನ ತಲೆಯನ್ನ ಕುಂಡದಲ್ಲಿಟ್ಟು, ಮೇಲೆ ಬೇಸಿಲ್ ನೆಟ್ಟು, ಕಣ್ಣೀರಲ್ಲೇ ಬೆಳೆಸ್ತಾಳೆ. ಅಣ್ಣಂದಿರು ಕುಂಡವನ್ನೂ ಎತ್ಕೊಂಡು ಹೋಗ್ತಾರೆ. ಅವಳು ಅಳುತ್ತಲೇ ಸಾಯ್ತಾಳೆ. ಚರಾಸ್ತಿಯ ತೊಂದರೆ ಇದೇ: ನೀವು ಹೊತ್ಕೊಂಡು ಹೋಗಬಹುದಾದ್ದನ್ನ ಇನ್ನೊಬ್ಬರೂ ಹೊತ್ಕೊಂಡು ಹೋಗಬಹುದು.

5/5
ಆ ಬೇಸಿಲ್ ನಮಗೆ ಹೊಸಬನಲ್ಲ. ನಮ್ಮ ಕಾಮಕಸ್ತೂರಿ ಅದೇ. ಫಾಲೂಡಾದಲ್ಲಿ ತೇಲೋ ಕಪ್ಪು ಬೀಜ ಇದರದ್ದೇ. ನಮ್ಮ ಕಡೆ ವಠಾರಗಳಲ್ಲಿ ಹಳೇ ಪೇಂಟ್ ಡಬ್ಬ, ತೂತು ಬಿದ್ದ ಬಕೆಟ್‌ನಲ್ಲಿ ದೊಡ್ಡಪತ್ರೆ ಇರುತ್ತಲ್ಲ? ತಂಬುಳಿಗೆ ನಾಲ್ಕು ಎಲೆ, ಮಗುವಿಗೆ ಕೆಮ್ಮಾದ್ರೆ ಎರಡು. ಅದೂ ಇದೇ ಇತಿಹಾಸದ ಒಂದು ಪುಟ.

ನಾವಿರೋ ಬಾಡಿಗೆ ಮನೆಯಲ್ಲಿ ಕೆಳಗೆ ನೀರು ಸೋರುತ್ತೆ ಅಂತ ಓನರ್ ಅಮ್ಮನ ಕುಂಡಗಳನ್ನೆಲ್ಲ ತೆಗೆಸಿದ್ರು. 11 ತಿಂಗಳ ಅಗ್ರಿಮೆಂಟ್‌ನಲ್ಲಿ ಕುಂಡದ ಬಗ್ಗೆ ಒಂದು ಸಾಲೂ ಇಲ್ಲ. ಈಗ ಎರಡು ವಾಪಸ್ ಬಂದಿವೆ, ಕೆಳಗೆ ತಟ್ಟೆ ಸಮೇತ.

ನೀವೂ ಇಡಿ. ತಳಕ್ಕೆ ತೂತು, ಅಡಿಗೆ ತಟ್ಟೆ. ದೊಡ್ಡಪತ್ರೆ, ಪುದೀನ ಕಡ್ಡಿ ಚುಚ್ಚಿದ್ರೂ ಬರುತ್ತೆ. ಕೊತ್ತಂಬರಿ ಕಾಳನ್ನ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಿ. ಒಂದೊಂದು ಕಾಳಲ್ಲೂ ಎರಡು ಬೀಜ ಇರುತ್ತೆ.

ಸೈಟ್ ತಗೊಳ್ಳೋಕೆ ನಮಗಿನ್ನೂ ಎಷ್ಟು ವರ್ಷ ಬೇಕೋ. ಒಂದು ಕುಂಡ ಇಡೋಕೆ ಈ ಭಾನುವಾರ ಸಾಕು.

ನಿಮ್ಮ ಪಿಜಿಯಲ್ಲಿ ಕುಂಡ ಇಡೋಕೆ ಬಿಡ್ತಾರಾ? ಹೇಳಿ.

#ಅಡುಗೆಮನೆಇತಿಹಾಸ #ಕುಂಡದತೋಟ #ದೊಡ್ಡಪತ್ರೆ